ಹಬ್ಬದ ಮರುದಿನ



ನವರಾತ್ರಿ ಮುಗಿಯಿತು, ದೀಪಾವಳಿಯ ಹಣತೆಗಳೂ ಆರಿದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಭಕ್ತರ ಮನೆಗಳಲ್ಲಿ ಇನ್ನು ಅಡಿಕೆಯ ಕೊಯ್ಲು, ಸುಲಿಯುವ ಬೇಯಿಸುವ ಕೆಲಸ. ಮೊನ್ನೆ ಮಠದಲ್ಲಿ ಪಾದೋದಕ ಪ್ರಸಾದಗಳನ್ನು ಸ್ವೀಕರಿಸಿದ ಕೈಗಳು ಈಗ ತಕ್ಕಡಿ ಹಿಡಿಯುತ್ತವೆ. ಹಬ್ಬದ ಭಾವ ತಕ್ಕಡಿಯವರೆಗೆ ಬರುವುದೇ? ಇದೇ ಇಂದಿನ ವಿಚಾರ. ಇದಕ್ಕೆ ಯಹೂದ್ಯರ ಇತಿಹಾಸವೊಂದನ್ನು ಹೇಳುತ್ತೇವೆ. ಅದು ಪರದೇಶದವರದಾದರೂ ನಮ್ಮ ಘಟ್ಟದ ಕೆಳಗೇ ನಡೆದದ್ದು.

ಬಸವಣ್ಣನವರು ಕಲ್ಯಾಣದಲ್ಲಿ ಕಾಯಕದ ಮಹಿಮೆಯನ್ನು ಸಾರಿದ 12ನೆಯ ಶತಮಾನದಲ್ಲೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿದ್ದನು. ಟ್ಯುನೀಸಿಯದ ಮಹದಿಯಾ ಅವನ ಹುಟ್ಟೂರು. 1132ರಲ್ಲಿ ಅವನು ಮಂಗಳೂರಿನಲ್ಲಿ ಮಾಡಿಸಿದ ಪತ್ರ ಉಳಿದಿದೆ. 1149ರಲ್ಲಿ ಅವನು ಏಡನ್ ಬಂದರಿಗೆ ಮರಳಿದನು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹಡಗೇರುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. ಬೊಮ್ಮನೆಂಬ ದಾಸನು ಅವನ ಪರವಾಗಿ ಏಡನ್‌ಗೆ ಹೋಗಿ ವ್ಯಾಪಾರ ಮಾಡುತ್ತಿದ್ದನು.

ಎಂಟುನೂರು ವರ್ಷಕ್ಕೂ ಹೆಚ್ಚು ಹಿಂದಿನ ಈ ಲೆಕ್ಕ ನಮಗೆ ಹೇಗೆ ತಿಳಿಯಿತು? ದೇವರ ನಾಮವಿರುವ ಬರಹವನ್ನು ಕಸಕ್ಕೆ ಎಸೆಯಬಾರದೆಂಬುದು ಯಹೂದ್ಯರ ನಿಯಮ. ಅಂಥ ಕಾಗದಗಳನ್ನೆಲ್ಲ ಕೈರೋ ನಗರದ ಅವರ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಹಾಕುತ್ತಿದ್ದರು. 1897ರಲ್ಲಿ ಅವುಗಳ ಬಹುಭಾಗ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿತು. ವ್ಯಾಪಾರದ ಪತ್ರಗಳಲ್ಲಿಯೂ ದೇವರ ಸ್ಮರಣೆ ಇತ್ತಾದ್ದರಿಂದ ಧರ್ಮಗ್ರಂಥದ ಹಾಳೆಯೊಡನೆ ಮೆಣಸಿನ ಲೆಕ್ಕವೂ ಉಳಿಯಿತು.

ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವ್ಯಾಜ್ಯವಿದೆ. ಏಲಕ್ಕಿಗೆಂದು ಮುಂಗಡ ಪಡೆದ ಇಲ್ಲಿನ ದಲ್ಲಾಳಿಯೊಬ್ಬನು ಸರಕು ಕೊಡಲಿಲ್ಲ. ಏಡನ್‌ನ ವರ್ತಕರು ಬೆನ್ ಯಿಜುವಿಗೆ ಬರೆದು ಬರೆದು ಕೇಳಿದರು. ಕೊಟ್ಟ ಮಾತು ಕೆಟ್ಟರೆ ಅದರ ನೋವು ಸಮುದ್ರವನ್ನೂ ದಾಟುತ್ತದೆ!

ಯಹೂದ್ಯರ ತಿಶ್ರಿ ಮಾಸದಲ್ಲಿ ಹೊಸ ವರ್ಷ, ಅದರ ಹತ್ತನೆಯ ದಿನ ಪ್ರಾಯಶ್ಚಿತ್ತದ ಉಪವಾಸ, ಬಳಿಕ ಪರ್ಣಕುಟೀರದ ಹಬ್ಬ. ಆ ಉಪವಾಸದ ಬಗ್ಗೆ ಅವರ ಪ್ರಾಚೀನ ಧರ್ಮಶಾಸ್ತ್ರವು ಕಟ್ಟುನಿಟ್ಟಾಗಿ ವಿಧಿಸಿದೆ: ದೇವರಿಗೆ ಮಾಡಿದ ಅಪರಾಧವನ್ನು ಉಪವಾಸ ಕಳೆಯುತ್ತದೆ, ನೆರೆಯವನಿಗೆ ಮಾಡಿದ ಅಪರಾಧವು, ಅವನ ಬಳಿಗೆ ಹೋಗಿ ಅವನನ್ನು ಸಮಾಧಾನಪಡಿಸದ ಹೊರತು ಕಳೆಯದು. ಮುಂದಿನ ಮಾಸದಲ್ಲಿ ಹಬ್ಬವೇ ಇಲ್ಲ. ಆಗ ಉಳಿಯುವುದು ನಿತ್ಯದ ಮೂರು ಪ್ರಾರ್ಥನೆ, ಬಾಗಿಲ ಪಟ್ಟಿಗೆ ಕಟ್ಟಿದ ಶಾಸ್ತ್ರವಾಕ್ಯ, ವಾರಕ್ಕೊಂದು ವಿಶ್ರಾಂತಿಯ ದಿನ. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೂ ಆ ಜನ ಉಳಿದದ್ದು, ಧರ್ಮವು ಮನೆಯ ಬಾಗಿಲಲ್ಲಿ, ಊಟದ ತಟ್ಟೆಯಲ್ಲಿ ನೆಲೆಸಿದ್ದರಿಂದ.

ನಮಗೆ ಇದು ಹೊಸದೇ? ಗುಡಿಯ ದಾರಿ ಕಾಯದೆ ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರು ನಾವು. ಪಂಚಾಚಾರಗಳಲ್ಲಿ ಲಿಂಗಾಚಾರದೊಡನೆಯೇ ಸದಾಚಾರವನ್ನು ಹೇಳಿದೆ. ಧರ್ಮದಿಂದ ಗಳಿಸಿ ಗುರು ಲಿಂಗ ಜಂಗಮಕ್ಕೆ ಅರ್ಪಿಸುವುದೇ ಸದಾಚಾರ. ಲಿಂಗವು ಎದೆಯ ಮೇಲಿದ್ದು ತೂಕದಲ್ಲಿ ಮೋಸವಿದ್ದರೆ, ಆ ಮೋಸಕ್ಕೆ ಲಿಂಗವೇ ಸಾಕ್ಷಿ.

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಿ ಮೊದಲ ಪುಟದಲ್ಲಿ 'ಶ್ರೀ' ಎಂದು ಬರೆದಿದ್ದೀರಿ. ಆ ಅಕ್ಷರ ಕೊನೆಯ ಪುಟದವರೆಗೂ ನಿಮ್ಮನ್ನು ನೋಡುತ್ತಿರುತ್ತದೆ. ತೋಟದ ಆಳಿನ ಕೂಲಿ ಬಾಕಿಯಿದ್ದರೆ, ಅಣ್ಣತಮ್ಮಂದಿರ ಪಾಲು ನಿಮ್ಮಲ್ಲಿ ಉಳಿದಿದ್ದರೆ, ನಾಳೆ ಲಿಂಗಪೂಜೆ ಮುಗಿಸಿದವರೇ ಮೊದಲು ಅವರ ಮನೆಗೆ ಹೋಗಿರಿ. ಮಠಕ್ಕೆ ಅನಂತರ ಬಂದರಾಯಿತು. ಅದರಿಂದ ನಮಗೆ ಸಂತೋಷವೇ.

ನಿಮ್ಮ ಹಬ್ಬವು ವರ್ಷವಿಡೀ ನಡೆಯಲೆಂದು ಹರಸುತ್ತೇವೆ. ಶುಭಮಸ್ತು.