ಹೆಸರಿಡುವ ಮೊದಲೇ ಇದ್ದ ಊಟ: ಕನ್ನಡದ ಅಡುಗೆಮನೆಯಲ್ಲಿ ಹಾಲಿಲ್ಲದ ಆಹಾರದ ಇತಿಹಾಸ



ದೋಹಾದ ನಮ್ಮ ಸದಸ್ಯ ಕುಟುಂಬಗಳಲ್ಲಿ ಒಂದು ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಉನ್ನತ ವ್ಯಾಸಂಗಕ್ಕೆಂದು ಹೊರದೇಶಕ್ಕೆ ಹೋದ ಮಗಳೋ, ಇಲ್ಲಿಯೇ ಶಾಲೆಯಲ್ಲಿ ಓದುತ್ತಿರುವ ಮಗನೋ ಒಂದು ದಿನ ‘ಇನ್ನು ಮುಂದೆ ನಾನು ವೀಗನ್’ ಎಂದು ಸಾರುತ್ತಾರೆ. ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲ. ಹಾಲು, ಮೊಸರು, ತುಪ್ಪ, ಜೇನುತುಪ್ಪಗಳೂ ಬೇಡ ಎಂಬುದು ಈ ಮಾತಿನ ಅರ್ಥ. ‘ಮೊಸರೂ ಇಲ್ಲದೆ ಊಟವೆಂದರೆ ಏನನ್ನು ಬಡಿಸುವುದು? ಮಗು ಸೊರಗುವುದಿಲ್ಲವೇ?’ ಎಂಬುದು ತಾಯಂದಿರ ಕಳವಳ. ವೈದ್ಯವೃತ್ತಿಯಲ್ಲಿರುವ ನನಗೆ ಈ ಪ್ರಶ್ನೆಯ ಅರ್ಧ ಉತ್ತರ ವೈದ್ಯಶಾಸ್ತ್ರದಲ್ಲಿಯೂ, ಉಳಿದರ್ಧ ನಮ್ಮ ನಾಡಿನ ಇತಿಹಾಸದಲ್ಲಿಯೂ ದೊರೆತಿದೆ.

‘ವೀಗನ್’ ಎಂಬ ಪದಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. 1944ರ ನವೆಂಬರಿನಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಸಂಗಡಿಗರು ಸೇರಿ ಕಟ್ಟಿದ ಸಂಘದೊಡನೆ ಅದು ಹುಟ್ಟಿತು. ಪದ ಹೊಸದು, ಆದರೆ ಆ ಪದ ಸೂಚಿಸುವ ಬಗೆಯ ದಿನದ ಊಟ ಕನ್ನಡನಾಡಿಗೆ ಹೊಸದಲ್ಲ. ಬಡತನ, ಮಳೆ, ಮಣ್ಣು ಮತ್ತು ರೂಢಿಗಳು ಸೇರಿ ರೂಪಿಸಿದ ಆ ಊಟಕ್ಕೆ ಯಾರೂ ಪ್ರತ್ಯೇಕ ಹೆಸರಿಡಲಿಲ್ಲ, ಅಷ್ಟೆ.

ಈ ಕಥೆಯ ಮೊದಲ ಅಧ್ಯಾಯ ಬಳ್ಳಾರಿಯ ಬೆಟ್ಟಗಳಲ್ಲಿದೆ. ಸಂಗನಕಲ್ಲು, ತೆಕ್ಕಲಕೋಟೆ ಹಾಗೂ ತುಂಗಭದ್ರೆಯ ದಡದ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಪುರಾತತ್ತ್ವಜ್ಞರು ಸುಟ್ಟು ಕರಿಕಾದ ಧಾನ್ಯದ ಕಾಳುಗಳನ್ನು ಕಂಡುಕೊಂಡಿದ್ದಾರೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಸಣ್ಣ ಸಿರಿಧಾನ್ಯಗಳನ್ನೂ, ಹುರುಳಿ ಮತ್ತು ಹೆಸರುಕಾಳುಗಳನ್ನೂ ಬೆಳೆದು ಉಣ್ಣುತ್ತಿದ್ದರು. ಅದೇ ಜನ ದನಗಾಹಿಗಳೂ ಆಗಿದ್ದರೆಂಬುದಕ್ಕೆ ಆ ಪ್ರದೇಶದ ಬೂದಿದಿಬ್ಬಗಳು ಸಾಕ್ಷಿ. ಅವು ಸಗಣಿಯ ರಾಶಿ ಸುಟ್ಟು ಉಳಿದ ಗುಡ್ಡೆಗಳು. ಆದ್ದರಿಂದ ನಮ್ಮ ಪೂರ್ವಿಕರು ಹಾಲನ್ನೋ ಮಾಂಸವನ್ನೋ ತೊರೆದವರು ಎಂದು ಹೇಳಲಾಗದು. ಆದರೆ ಕಾಳು ಮತ್ತು ಕಿರುಧಾನ್ಯಗಳ ಜೋಡಿ ಅಂದಿನಿಂದ ಇಂದಿನವರೆಗೂ ನಮ್ಮ ತಟ್ಟೆಯನ್ನು ಬಿಟ್ಟು ಹೋಗಿಲ್ಲ.

ಎರಡನೆಯ ಅಧ್ಯಾಯ ಗ್ರಂಥಗಳದ್ದು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಹಾಗೂ ಮಸಾಲೆಗಳೊಡನೆ ಕಲಸಬೇಕೆಂದು ಅಲ್ಲಿ ಹೇಳಿದೆ, ಅಕ್ಕಿಯ ಮಾತಿಲ್ಲ. ಇಂದು ನಾವು ಮಾಡುವ ಇಡ್ಲಿಯಲ್ಲಿ ಅಕ್ಕಿ, ಉದ್ದು, ನೀರು ಮತ್ತು ಉಪ್ಪು ಮಾತ್ರ. ಮಜ್ಜಿಗೆಯ ಹುಳಿಯ ಕೆಲಸವನ್ನು ರಾತ್ರಿಯಿಡೀ ಹುದುಗುವ ಹಿಟ್ಟೇ ಮಾಡುತ್ತದೆ. ಸಾವಿರ ವರ್ಷಗಳಲ್ಲಿ ಇಡ್ಲಿಯು ಹಾಲಿನ ನಂಟನ್ನು ತಾನಾಗಿಯೇ ಕಳಚಿಕೊಂಡಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ವು ಅಡುಗೆಗಾಗಿಯೇ ಮೀಸಲಾದ ಕನ್ನಡ ಕಾವ್ಯ. ಅದರ ಭಕ್ಷ್ಯಗಳಲ್ಲಿ ಹಾಲು, ಮೊಸರು, ತುಪ್ಪಗಳ ಬಳಕೆ ಧಾರಾಳ. ಅದು ಉಳ್ಳವರ ಅಡುಗೆ. ಉಳುವವನ ಮನೆಯ ಒಲೆಯ ಮೇಲೆ ಏನಿತ್ತೆಂಬುದನ್ನು ತಿಳಿಯಲು ಬೇರೆ ಕಡೆ ನೋಡಬೇಕು.

ಅದನ್ನು ತೋರಿಸಿದವರು ಕನಕದಾಸರು. ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಶ್ರೇಷ್ಠರೆಂಬ ವಾದ ನಡೆಯುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಕಂದಿಹೋಗುತ್ತದೆ, ‘ನರೆದಲೆಗ’ನೆನಿಸಿದ ರಾಗಿ ಗಟ್ಟಿಯಾಗಿ ಉಳಿಯುತ್ತದೆ, ಶ್ರೀರಾಮನು ರಾಗಿಯನ್ನೇ ಮೆಚ್ಚುತ್ತಾನೆ. ಇದು ಮೇಲು ಕೀಳುಗಳ ಕುರಿತ ಕಾವ್ಯ. ಆದರೆ ಅದರ ಆಧಾರದಲ್ಲಿ ಒಬ್ಬ ರೈತನ ಅನುಭವವಿದೆ: ರಾಗಿಗೆ ಸುಲಭವಾಗಿ ಹುಳು ಹಿಡಿಯುವುದಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ, ಬರಗಾಲದಲ್ಲಿ ಕೈಬಿಡುವುದಿಲ್ಲ. ಈ ರಾಗಿಯೂ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಿಂದ ಕಡಲು ದಾಟಿ ಬಂದ ವಲಸಿಗನೇ. ಇಪ್ಪತ್ತನೆಯ ಶತಮಾನದಲ್ಲಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದಾಗ, ಬಹುಕಾಲದ ಹಿಂದೆ ಅಗಲಿದ ಬಂಧುಗಳು ಮತ್ತೆ ಕೂಡಿದಂತಾಯಿತು.

ನಮ್ಮ ಊರುಗಳ ದಿನದ ಊಟವನ್ನು ಒಮ್ಮೆ ನೆನೆಯೋಣ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಮುದ್ದೆ, ಬಸ್ಸಾರು, ಉಪ್ಪೆಸರು, ಹುರುಳಿಕಾಳಿನ ಸಾರು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು, ಅಗಸೆ ಮತ್ತು ಶೇಂಗಾ ಚಟ್ನಿಪುಡಿಗಳು. ಕರಾವಳಿಯಲ್ಲಿ ನೀರುದೋಸೆ, ಪತ್ರೊಡೆ, ಕಾಯಿಹಾಲು. ಕೊಡಗಿನಲ್ಲಿ ಕಡುಬು, ಅಕ್ಕಿರೊಟ್ಟಿ. ತಿಂಡಿಗೆ ಗುಗ್ಗರಿ, ಕೋಸಂಬರಿ, ಗೊಜ್ಜವಲಕ್ಕಿ, ಮಂಡಕ್ಕಿ, ಎಳ್ಳುಂಡೆ, ರಾಗಿ ಹುರಿಹಿಟ್ಟು. ಸಂಕ್ರಾಂತಿಗೆ ಹಂಚುವ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಗಳಲ್ಲಿಯೂ ಹಾಲಿನ ಹನಿಯಿಲ್ಲ. ಹಬ್ಬಕ್ಕೆ ತುಪ್ಪ, ಜಾತ್ರೆಗೆ ಬಾಡು, ಕರಾವಳಿಯಲ್ಲಿ ಮೀನು ಇದ್ದವು ನಿಜ. ಹಸುವಿದ್ದ ಮನೆಯಲ್ಲಿ ಮಜ್ಜಿಗೆಯೂ ಇತ್ತು. ಆದರೆ ಹೊಟ್ಟೆ ತುಂಬಿಸುತ್ತಿದ್ದುದು ಧಾನ್ಯ, ಕಾಳು, ಸೊಪ್ಪು ಮತ್ತು ಎಣ್ಣೆಕಾಳುಗಳು.

ಹಾಗಾದರೆ ಹಾಲಿಲ್ಲದ ಊಟ ನಮಗೆ ಅಪರಿಚಿತವೆಂದು ಏಕೆ ತೋರುತ್ತದೆ? ಮನೆಮನೆಗೂ ದಿನನಿತ್ಯ ಹಾಲು ತಲುಪಿದ್ದು ತೀರ ಈಚೆಗೆ. ಕರ್ನಾಟಕದ ಮೊದಲ ಹಾಲು ಸಹಕಾರ ಸಂಘ ಆರಂಭವಾದದ್ದು 1955ರಲ್ಲಿ, ಕೊಡಗಿನ ಕೂಡಿಗೆಯಲ್ಲಿ. ದೇಶದಲ್ಲಿ ಕ್ಷೀರಕ್ರಾಂತಿಯ ಯೋಜನೆ 1970ರಲ್ಲಿ ಮೊದಲಾಯಿತು. 1974ರಲ್ಲಿ ರಾಜ್ಯದ ಹೈನು ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಮುಂಜಾನೆ ಹಾಲಿನ ಪೊಟ್ಟಣ ಬಾಗಿಲಿಗೆ ಬರುವುದನ್ನು ಸಹಜವೆಂದು ಕಂಡ ಪೀಳಿಗೆ ನಮ್ಮದು. ಅದು ಸಾವಿರಾರು ರೈತ ಮಹಿಳೆಯರ ಕೈಗೆ ಹಣ ತಂದ ದೊಡ್ಡ ಸಾಧನೆಯೆಂಬುದನ್ನು ಮರೆಯಬಾರದು. ಆದರೆ ಅರ್ಧ ಶತಮಾನದ ಅಭ್ಯಾಸವನ್ನು ಅನಾದಿಕಾಲದ ಪದ್ಧತಿಯೆಂದು ಭಾವಿಸುವುದೂ ಸರಿಯಲ್ಲ.

ನಾವು ನೆಲೆಸಿರುವ ಕತಾರಿನ ಕಥೆಯೂ ಇದಕ್ಕೆ ಹತ್ತಿರವಾದದ್ದು. ಮುತ್ತಿನ ಕಾಲದಲ್ಲಿ ಇಲ್ಲಿನ ಜನರ ಆಹಾರ ಖರ್ಜೂರ, ಮೀನು ಮತ್ತು ಭಾರತದ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿಯನ್ನು ನೆಚ್ಚಿತ್ತು. ಆ ನಂಟು ಎಷ್ಟು ಗಾಢವೆಂದರೆ 1966ರವರೆಗೂ ಇಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. 2017ರ ಜೂನ್ 5ರಂದು ನೆರೆಯ ರಾಷ್ಟ್ರಗಳು ಸಂಬಂಧ ಕಡಿದುಕೊಂಡು ಅಬು ಸಮ್ರಾ ಗಡಿ ಮುಚ್ಚಿದಾಗ, ಅಂಗಡಿಗಳ ಹಾಲು ಮೊಸರಿನ ಕಪಾಟುಗಳು ಬರಿದಾದದ್ದು ಆಗ ಇಲ್ಲಿದ್ದವರಿಗೆಲ್ಲ ನೆನಪಿರಬಹುದು. ಮುಂದಿನ ತಿಂಗಳೇ ವಿಮಾನದಲ್ಲಿ ಹಸುಗಳು ಬಂದಿಳಿದವು; ಅಲ್ ಖೋರ್ ಬಳಿಯ ಬಲದ್ನಾ ಹೈನುಕೇಂದ್ರ ದೇಶದ ಹಾಲಿನ ಅಗತ್ಯವನ್ನು ಪೂರೈಸುವಷ್ಟು ಬೆಳೆಯಿತು. ಮರುಭೂಮಿಯಲ್ಲಿ ಹಾಲಿನ ಸಮೃದ್ಧಿಯೂ ನಮ್ಮ ಕಣ್ಣೆದುರಿನ ಇತಿಹಾಸವೇ. ಆ ಕೆಲವು ದಿನಗಳಲ್ಲಿಯೂ ನಮ್ಮ ಡಬ್ಬಿಗಳಲ್ಲಿದ್ದ ಬೇಳೆ, ಕಾಳು, ಹಿಟ್ಟುಗಳು ಒಲೆಯನ್ನು ನಡೆಸಿದವು.

ಇನ್ನು ವೈದ್ಯಶಾಸ್ತ್ರದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಸುಣ್ಣ ಹಾಗೂ ಕಬ್ಬಿಣಗಳು ಮೈಗೂಡುವುದನ್ನು ತಡೆಯುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಆ ತಡೆಯನ್ನು ಸಡಿಲಿಸುತ್ತವೆ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕೋಸಂಬರಿಗೆ ನಿಂಬೆರಸ ಹಿಂಡುವ ರೂಢಿಯಿಂದ ಕಾಳಿನ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದೊಡನೆಯೇ ಕಾಫಿ, ಚಹಾ ಕುಡಿದರೆ ಆ ಲಾಭ ಕುಗ್ಗುತ್ತದೆ.

ಆದರೆ ಒಂದು ವಿಷಯದಲ್ಲಿ ಪರಂಪರೆಯನ್ನಷ್ಟೇ ನಂಬಿ ಕೂರುವಂತಿಲ್ಲ. ಅದು ವಿಟಮಿನ್ ಬಿ-12. ಇದನ್ನು ಉತ್ಪಾದಿಸುವುದು ಸೂಕ್ಷ್ಮಾಣುಗಳು. ಸೊಪ್ಪು, ಕಾಳು, ಧಾನ್ಯಗಳಲ್ಲಿ ನೆಚ್ಚಬಹುದಾದಷ್ಟು ದೊರೆಯದು. ‘ವೀಗನ್’ ಪದ ಹುಟ್ಟಿ ನಾಲ್ಕು ವರ್ಷಗಳಾದ ಮೇಲೆ, 1948ರಲ್ಲಿ, ಈ ವಿಟಮಿನ್ ಪ್ರತ್ಯೇಕಗೊಂಡಿತು. ನಮ್ಮ ಹಿರಿಯರಿಗೆ ಒಂದಿಷ್ಟು ಮಜ್ಜಿಗೆಯೋ, ಮೀನೋ, ಹಬ್ಬದ ಬಾಡೋ ಅದನ್ನು ಅಲ್ಪಸ್ವಲ್ಪ ಒದಗಿಸುತ್ತಿತ್ತು. ಎಲ್ಲವನ್ನೂ ಬಿಟ್ಟವರಿಗೆ ಆ ದಾರಿಯಿಲ್ಲ. ಯಕೃತ್ತಿನಲ್ಲಿ ಸಂಗ್ರಹವಿರುವುದರಿಂದ ಕೊರತೆ ಕೆಲವು ವರ್ಷಗಳ ನಂತರ, ಸದ್ದಿಲ್ಲದೆ ಕಾಣಿಸಿಕೊಳ್ಳುತ್ತದೆ: ರಕ್ತಹೀನತೆ, ಕೈಕಾಲು ಜೋಮು, ಮರೆವು, ನಡಿಗೆಯ ತೊಡಕು. ನರಗಳಿಗಾದ ಹಾನಿ ತಡವಾದರೆ ಪೂರ್ಣವಾಗಿ ಸರಿಹೋಗದಿರಬಹುದು. ಆದ್ದರಿಂದ ವೀಗನ್ ಆಹಾರ ಆರಿಸಿಕೊಂಡವರು ಬಿ-12 ಮಾತ್ರೆಯನ್ನು ವೈದ್ಯರ ಸಲಹೆಯಂತೆ ತಪ್ಪದೆ ಸೇವಿಸಬೇಕು. ಗರ್ಭಿಣಿಯರು, ಹಾಲೂಡುವ ತಾಯಂದಿರು ಹಾಗೂ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಿಸಿಲಿನ ನಾಡಿನಲ್ಲಿದ್ದರೂ ಮನೆ, ಕಾರು, ಕಚೇರಿಗಳೊಳಗೇ ದಿನ ಕಳೆಯುವ ನಮಗೆ ವಿಟಮಿನ್ ಡಿ ಪರೀಕ್ಷೆಯೂ ಅಗತ್ಯ. ಇನ್ನೊಂದು ಎಚ್ಚರಿಕೆ: ಬೋಂಡ, ಚಿಪ್ಸ್, ಸಕ್ಕರೆಯ ಪಾನೀಯಗಳೂ ವೀಗನ್ ಆಗಿರಬಲ್ಲವು, ಹೆಸರು ಮಾತ್ರದಿಂದ ಆಹಾರ ಆರೋಗ್ಯಕರವಾಗದು.

ಕೊನೆಯದಾಗಿ ಅಡುಗೆಮನೆಗೆ ಬರೋಣ. ಬಸ್ಸಾರು ಈ ಪರಂಪರೆಯ ಉತ್ತಮ ಪಾಠ. ನಾಲ್ವರಿಗೆ ಒಂದು ಲೋಟ ಹೆಸರುಕಾಳನ್ನು ರಾತ್ರಿ ನೆನೆಸಿ, ಮರುದಿನ ಧಾರಾಳ ನೀರಿನಲ್ಲಿ ಬೇಯಿಸಿ. ಮುಕ್ಕಾಲು ಬೆಂದಾಗ ಎರಡು ಕಟ್ಟು ದಂಟು ಅಥವಾ ಪಾಲಕ್ ಸೊಪ್ಪನ್ನು ಹೆಚ್ಚಿ ಸೇರಿಸಿ. ಬೆಂದ ಮೇಲೆ ಕಟ್ಟನ್ನು ಬಸಿದುಕೊಳ್ಳಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ತೆಂಗಿನತುರಿ, ಹುಣಸೆಹಣ್ಣು ಹಾಗೂ ಒಂದು ಹಿಡಿ ಬೆಂದ ಕಾಳುಸೊಪ್ಪನ್ನು ರುಬ್ಬಿ, ಕಟ್ಟಿಗೆ ಬೆರೆಸಿ ಉಪ್ಪು ಹಾಕಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಸೊಪ್ಪು ಬೆಂದ ನೀರೂ ವ್ಯರ್ಥವಾಗದು. ಶಾಲೆಯಿಂದ ಬರುವ ಮಕ್ಕಳಿಗೆ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ, ತುಸು ನೀರು ಬೆರೆಸಿ ಉಂಡೆ ಕಟ್ಟಿಕೊಡಬಹುದು. ಬೆಲ್ಲದ ಬದಲು ಇಲ್ಲಿನ ಖರ್ಜೂರವೂ ಆದೀತು. ನಮ್ಮ ಎಳ್ಳಿನ ಚಟ್ನಿಗೆ ಅರಬ್ಬರ ತಾಹಿನಿ ಸಹೋದರಿ. ನಮ್ಮ ಗುಗ್ಗರಿಗೆ ಇಲ್ಲಿ ಬೆಳಗ್ಗೆ ಸಿಗುವ ಫೂಲ್ ಮತ್ತು ಹಮ್ಮುಸ್ ನೆಂಟರು. ಹೊಸ ನೆಲದಲ್ಲಿ ಹಳೆಯ ಊಟಕ್ಕೆ ಜೊತೆಗಾರರ ಕೊರತೆಯಿಲ್ಲ.

ಆದ್ದರಿಂದ ಮಗಳು ‘ವೀಗನ್’ ಎಂದಾಗ, ಅವಳು ನಮ್ಮ ಮನೆಯ ಊಟವನ್ನು ತೊರೆದು ಹೋಗುತ್ತಿದ್ದಾಳೆಂದು ತಾಯಂದಿರು ನೊಂದುಕೊಳ್ಳಬೇಕಾಗಿಲ್ಲ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮುದ್ದೆ ತಿರುವುವುದನ್ನೂ ಬಸ್ಸಾರಿನ ಕಟ್ಟು ಬಸಿಯುವುದನ್ನೂ ಕಲಿಸಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಅಜ್ಜಿಯ ಒಲೆಯ ವಿದ್ಯೆ ಮೊಮ್ಮಗಳ ಕೈಗೆ ದಾಟಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬಾರದು.