ಗಾಲ್ಫ್ ಸ್ವಿಂಗ್: ಸೆಟಪ್ ಮತ್ತು ಮೈನಿಲುವು

ಗಾಲ್ಫ್ ಆಟಗಾರರು ಕ್ಲಬ್ ಬೀಸುವ ಮೊದಲು ಚೆಂಡಿನೆದುರು ಸಜ್ಜಾಗಿ ನಿಲ್ಲುವ ಕ್ರಮವೇ ಸೆಟಪ್. ಹಿಡಿತ, ಪಾದಗಳ ಅಂತರ, ಮೈಯ ಬಾಗು, ಚೆಂಡಿನ ಸ್ಥಾನ, ಗುರಿಗೆ ತಕ್ಕ ಜೋಡಣೆ, ಈ ಐದೂ ಅದರಲ್ಲಿ ಸೇರುತ್ತವೆ. ಮೇಲೆತ್ತಿದ ಕ್ಲಬ್ ಕೆಳಗಿಳಿದು ಚೆಂಡಿಗೆ ತಾಗಲು ಕಾಲು ಸೆಕೆಂಡಿನಷ್ಟೇ ಸಮಯ ಸಾಕು. ಅಷ್ಟರಲ್ಲಿ ಏನನ್ನೂ ತಿದ್ದಲಾಗದು. ತಿದ್ದುವುದೆಲ್ಲ ಚೆಂಡು ಅಲುಗದೆ ಕುಳಿತಿರುವಾಗಲೇ ಆಗಬೇಕು.

ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ 'ಫೈವ್ ಲೆಸನ್ಸ್' ಪುಸ್ತಕದ ಮೊದಲ ಪಾಠ ಹಿಡಿತಕ್ಕೆ, ಎರಡನೆಯದು ನಿಲುವಿಗೆ ಮೀಸಲು. ಬೀಸುವ ಮಾತು ಬರುವುದು ಮೂರನೆಯದರಲ್ಲಿ.

ಹಿಡಿತದಲ್ಲಿ ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ. ಬ್ರಿಟನ್ನಿನ ಓಪನ್ ಪಂದ್ಯಾವಳಿಯನ್ನು ಆರು ಬಾರಿ ಗೆದ್ದ ಹ್ಯಾರಿ ವಾರ್ಡನ್ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ, ಬಲಗೈ ಆಟಗಾರರ ಬಲ ಕಿರುಬೆರಳು ಎಡ ತೋರುಬೆರಳಿನ ಮೇಲೆ ಕೂರುತ್ತದೆ. ಹೆಸರಾಂತ ಆಟಗಾರರಾದ ಜಾಕ್ ನಿಕ್ಲಾಸ್ ಮತ್ತು ಟೈಗರ್ ವುಡ್ಸ್ ಅವರದು ಆ ಎರಡು ಬೆರಳುಗಳನ್ನು ಹೆಣೆದುಕೊಳ್ಳುವ ರೀತಿ. ಯಾವುದೇ ಆಗಲಿ, ಬಿಗಿ ಹೆಚ್ಚಾದರೆ ಮುಂಗೈ ಸೆಟೆದುಕೊಂಡು ಕ್ಲಬ್ಬಿನ ವೇಗ ತಗ್ಗುತ್ತದೆ.

ಹೊಸಬರು ಹೆಚ್ಚು ಎಡವುವುದು ಮೈಯ ಬಾಗಿನಲ್ಲಿ. ಚೆಂಡು ನೋಡಲು ಬೆನ್ನನ್ನೇ ಗೂನಾಗಿಸಿದರೆ ಭುಜಗಳು ಪೂರ್ತಿ ತಿರುಗವು. ಸೊಂಟವನ್ನು ಅತಿಯಾಗಿ ಒಳಕ್ಕೆ ಬಾಗಿಸಿದರೆ ಕೆಳಬೆನ್ನಿನ ಮೇಲೆ ಭಾರ ಬೀಳುತ್ತದೆ. ಮಂಡಿ ಮಡಿಸಿ, ಎತ್ತರದ ಆಸನಕ್ಕೆ ಒರಗಿದಂತೆ ನಿಲ್ಲಬೇಕೆಂದು ಹೋಗನ್ ಹೇಳುತ್ತಿದ್ದರು. ಇಂದಿನ ತರಬೇತುದಾರರು ತೊಡೆಸಂದಿಯಿಂದ ಮುಂದಕ್ಕೆ ಬಾಗುವುದಕ್ಕೆ ಒತ್ತು ಕೊಡುತ್ತಾರೆ. ಇದರ ಅಭ್ಯಾಸ ಸುಲಭ: ಕ್ಲಬ್ಬೊಂದನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು, ಅದು ತಲೆಯ ಹಿಂಭಾಗ, ನಡುಬೆನ್ನು ಮತ್ತು ಬಾಲಮೂಳೆಗೆ ತಾಗಿರುವಂತೆಯೇ ಬಾಗಬೇಕು. ಆಮೇಲೆ ಮಂಡಿ ಕೊಂಚ ಸಡಿಲಿಸಿ, ತೂಕವನ್ನು ಪಾದದ ನಡುವೆ ಇರಿಸಿ, ತೋಳುಗಳನ್ನು ಭುಜದಿಂದ ನೇರ ಕೆಳಗೆ ಇಳಿಬಿಡಬೇಕು.

ಚೆಂಡಿನ ಸ್ಥಾನ ಕ್ಲಬ್ಬಿಗೆ ತಕ್ಕಂತೆ ಬದಲಾಗುತ್ತದೆ. ದೂರದ ಹೊಡೆತದ ಡ್ರೈವರಿಗೆ, ಟೀ ಎಂಬ ಪುಟ್ಟ ಗೂಟದ ಮೇಲಿನ ಚೆಂಡು ಮುಂಗಾಲಿನ ಹಿಮ್ಮಡಿಯ ನೇರಕ್ಕಿರುತ್ತದೆ, ಪಾದಗಳ ಅಂತರವೂ ಹೆಚ್ಚು; ಕ್ಲಬ್ ತುಸು ಮೇಲೇಳುತ್ತ ತಾಗಲೆಂದು ಈ ಏರ್ಪಾಡು. ಗಿಡ್ಡ ಐರನ್‌ಗಳು ಕೆಳಮುಖವಾಗಿ ಬಡಿಯಬೇಕಾದ್ದರಿಂದ ಚೆಂಡು ಪಾದಗಳ ನಡುವೆ ಬರುತ್ತದೆ.

ಜೋಡಣೆಯಲ್ಲಿ ಕ್ಲಬ್ಬಿನ ಮುಖ ಗುರಿಯನ್ನು ನೋಡಬೇಕು. ಪಾದ, ಸೊಂಟ, ಭುಜಗಳು ಆ ರೇಖೆಗೆ ಸಮಾಂತರವಾಗಿರಬೇಕು. ದೂರದ ಧ್ವಜಕ್ಕೆ ಕಣ್ಣಳತೆ ತಪ್ಪುವುದುಂಟು. ಅದಕ್ಕೇ ನಿಕ್ಲಾಸ್ ಚೆಂಡಿನ ಮುಂದೆ ಕೆಲವೇ ಅಡಿ ದೂರದ ಎಲೆಯನ್ನೋ ಹುಲ್ಲಿನ ಗುರುತನ್ನೋ ಆರಿಸಿಕೊಂಡು ಅದಕ್ಕೆ ಜೋಡಿಸಿಕೊಳ್ಳುತ್ತಿದ್ದರು. ಅಭ್ಯಾಸದ ಮೈದಾನದಲ್ಲಿ ನೆಲದ ಮೇಲೆ ಕೋಲುಗಳನ್ನಿಟ್ಟು ಇದನ್ನೇ ಕಲಿಸುತ್ತಾರೆ. ಪಂದ್ಯದಲ್ಲಿ ಮಾತ್ರ ಆ ನೆರವಿಲ್ಲ: 2019ರ ನಿಯಮಗಳ ಪ್ರಕಾರ, ನಿಲುವು ಸರಿಪಡಿಸಿಕೊಳ್ಳಲು ಕ್ಲಬ್ಬನ್ನು ನೆಲಕ್ಕಿಟ್ಟು ನಿಂತರೆ ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತಗಳ ದಂಡ. ಹೊಡೆಯುವ ಮುನ್ನ ಕ್ಲಬ್ಬನ್ನು ಎತ್ತಿಕೊಂಡರೂ ದಂಡ ತಪ್ಪದು.