ಕಡಲಿನ ಪಾಲಿಸಿ, ಗೋದಾಮಿನ ಪಾಲಿಸಿ

‘ಪ್ರೀಮಿಯಂ ತಗೊಳ್ಳುವಾಗ ನಗುಮುಖ, ಕ್ಲೇಮು ಕೊಡುವಾಗ ಕೊಕ್ಕೆ’ ಎಂಬ ದೂರು ಮಂಗಳೂರಿನ ವ್ಯಾಪಾರಿಗಳಲ್ಲಿ ಈಗ ಸಾಮಾನ್ಯ. ಸರಕು ಸರ್ವೇಯರ್ ಕೆಲಸದಲ್ಲೇ ತಲೆ ನರೆತ ನಾನು ಇದನ್ನು ಪೂರ್ತಿ ಒಪ್ಪಲಾರೆ. ನಾನು ಕಂಡ ಬಹುಪಾಲು ಜಗಳಗಳು ಹುಟ್ಟಿದ್ದು ಕಡಲಿನ ವಿಮೆ ಮುಗಿದು ಗೋದಾಮಿನ ವಿಮೆ ಶುರುವಾಗುವ ಜಾಗದಲ್ಲಿ. ಆ ಜಾಗದ ಬಗ್ಗೆ ಬರೆದವರು ಕಡಿಮೆ.

ಎರಡಕ್ಕೂ ಹುಟ್ಟು ಬೇರೆ ಬೇರೆ. ಕಡಲಿನ ವಿಮೆ 14ನೇ ಶತಮಾನದ ಇಟಲಿಯ ವರ್ತಕರಿಂದ ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಗೆ ಬಂತು. 1906ರಲ್ಲಿ ಬ್ರಿಟನ್ನಿನಲ್ಲಿ ಕಾಯ್ದೆಯಾಯಿತು. ನಮ್ಮ 1963ರ ಕಾಯ್ದೆ ಬಹುಮಟ್ಟಿಗೆ ಅದರದೇ ಪಡಿಯಚ್ಚು. ಬೆಂಕಿ ವಿಮೆ 1666ರ ಲಂಡನ್ ಅಗ್ನಿದುರಂತದ ನಂತರದ್ದು. ಮೊದಲನೆಯದು ಸರಕಿನ ಜೊತೆ ಪ್ರಯಾಣ ಮಾಡುತ್ತದೆ, ಎರಡನೆಯದು ಪಾಲಿಸಿಯಲ್ಲಿ ಬರೆದ ವಿಳಾಸ ಬಿಟ್ಟು ಕದಲುವುದಿಲ್ಲ. ಈ ಎರಡರ ಗಡಿಯೇ ಅಳಿಸಿಹೋದ ದಿನವೂ ಇದೆ: 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಮದ್ದುಗುಂಡು ಹೊತ್ತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದು ದಡದ ಗೋದಾಮು, ಮನೆಗಳೆಲ್ಲ ಉರಿದವು. ಪರಿಹಾರದ ಹೊಣೆಯನ್ನು ಕೊನೆಗೆ ಸರ್ಕಾರವೇ ಹೊರಬೇಕಾಯಿತು.

ನಮ್ಮ ತಲೆಮಾರಿನ ಕಥೆ ಶುರುವಾಗುವುದು 1973ರಿಂದ. ಆ ವರ್ಷ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ಸೇರಿಹೋದವು. ಮರುವರ್ಷ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಬೆಂಕಿ ವಿಮೆಗೆ ಆಗ ನಿಗದಿತ ದರಪಟ್ಟಿ ಇತ್ತು. ದರದಲ್ಲಿ ಚೌಕಾಸಿಗೆ ಜಾಗವಿರಲಿಲ್ಲ, ಹಾಗಾಗಿ ಮಾತೆಲ್ಲ ಷರತ್ತುಗಳ ಮೇಲೆಯೇ ನಡೆಯುತ್ತಿತ್ತು. ಅಷ್ಟು ಶ್ರದ್ಧೆಯಿಂದ ಪಾಲಿಸಿ ಓದಿದ ಕಾಲ ಮತ್ತೆ ಬರಲಿಲ್ಲ ಎಂದೇ ನನ್ನ ಅಭಿಪ್ರಾಯ.

1982ರಲ್ಲಿ ಕಡಲಿನ ವಿಮೆಯ ಲಂಡನ್ನಿನ ಹಳೆಯ ನಮೂನೆ ಹೋಗಿ ‘ಎ’, ‘ಬಿ’, ‘ಸಿ’ ಎಂಬ ಸರಕು ಷರತ್ತುಗಳು ಬಂದವು. ಇವುಗಳ ವ್ಯತ್ಯಾಸ ಕಾಣಬೇಕಾದರೆ ಆಫ್ರಿಕಾದಿಂದ ಬಂದ ಗೇರುಬೀಜದ ಒಂದು ಕಂಟೇನರ್ ತೆರೆಯಬೇಕು. ಸರ್ವೇಯರ್ ಒಳಗೆ ನಿಂತು ಬಾಗಿಲು ಮುಚ್ಚಿಸುತ್ತಾನೆ. ತಗಡಿನಲ್ಲಿ ತೂತಿದ್ದರೆ ಬೆಳಕು ಇಣುಕುತ್ತದೆ. ಒದ್ದೆ ಗೋಣಿಯ ಮೇಲೆ ಸಿಲ್ವರ್ ನೈಟ್ರೇಟಿನ ಹನಿ ಬಿಡುತ್ತಾನೆ. ಹನಿ ಹಾಲಿನಂತೆ ಬೆಳ್ಳಗಾದರೆ ಉಪ್ಪುನೀರಿನ ಗುರುತು. ಆಗದಿದ್ದರೆ ಮಳೆಯದೋ ಕಂಟೇನರ್ ಬೆವರಿದ್ದೋ. ಕಂಟೇನರಿಗೆ ಸಮುದ್ರದ ನೀರು ನುಗ್ಗಿದ ನಷ್ಟಕ್ಕೆ ‘ಬಿ’ಯಲ್ಲಿ ಪರಿಹಾರವಿದೆ, ಮಳೆನೀರಿನದಕ್ಕೆ ಇಲ್ಲ. ‘ಸಿ’ಯಲ್ಲಿ ಎರಡಕ್ಕೂ ಇಲ್ಲ. ಎಲ್ಲಕ್ಕಿಂತ ಅಗಲವಾದ ‘ಎ’ ಕೂಡ ಸರಕಿನ ಸ್ವಂತ ದೋಷ, ಕಳಪೆ ಪ್ಯಾಕಿಂಗ್, ತಡವಾಗಿ ತಲುಪಿದ್ದರಿಂದಾದ ನಷ್ಟ ಇವನ್ನು ಹೊರಗಿಡುತ್ತದೆ. ‘ಆಲ್ ರಿಸ್ಕ್’ ಎಂದು ಮಾರುವವರು ಇದನ್ನು ಹೇಳುವುದೇ ಇಲ್ಲ.

ಜನರಲ್ ಆವರೇಜ್ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಹಡಗನ್ನೂ ಸರಕನ್ನೂ ಅಪಾಯದಿಂದ ಪಾರುಮಾಡಲು ಬೇಕೆಂದೇ ಮಾಡಿದ ತ್ಯಾಗ ಅಥವಾ ಖರ್ಚನ್ನು, ಉಳಿದುಬಂದ ಸರಕಿನ ಮಾಲೀಕರೆಲ್ಲ ಹಡಗಿನವರೊಂದಿಗೆ ಹಂಚಿಕೊಳ್ಳಬೇಕು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನಲ್ಲೂ ಇದನ್ನು ಘೋಷಿಸಿದರು. ಇಂಥ ಹೊತ್ತಿನಲ್ಲಿ ವಿಮೆ ಇದ್ದವನಿಗೆ ಕಂಪನಿಯ ಗ್ಯಾರಂಟಿ ಸಾಕು. ಇಲ್ಲದವನು ತನ್ನ ಸರಕು ನೆಟ್ಟಗಿದ್ದರೂ ನಗದು ಠೇವಣಿ ಇಟ್ಟೇ ಬಿಡಿಸಿಕೊಳ್ಳಬೇಕಾಗುತ್ತದೆ.

2007ರ ಜನವರಿ 1ರಿಂದ ಬೆಂಕಿ ವಿಮೆಯ ದರ ಮುಕ್ತವಾಯಿತು, ಪೈಪೋಟಿ ಶುರುವಾಯಿತು. ಪ್ರೀಮಿಯಂ ಇಳಿದದ್ದು ಒಳ್ಳೆಯದೇ. ಆದರೆ ಇನ್ನಷ್ಟು ಉಳಿಸಲು ದಾಸ್ತಾನಿನ ಬೆಲೆಯನ್ನೇ ಕಡಿಮೆ ಬರೆಸುವ ಚಾಳಿಯೂ ಬೆಳೆಯಿತು. 20 ಲಕ್ಷದ ಮಾಲಿಗೆ 10 ಲಕ್ಷದ ವಿಮೆ ಮಾಡಿಸಿ 4 ಲಕ್ಷದ ಮಾಲು ಸುಟ್ಟರೆ ಸಿಗುವುದು ಅದೇ ಅನುಪಾತದಲ್ಲಿ 2 ಲಕ್ಷ ಮಾತ್ರ. 2021ರ ಏಪ್ರಿಲಿನಿಂದ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಮನೆಯ ಪಾಲಿಸಿಯಲ್ಲಿ ಈ ಕಡಿತವಿಲ್ಲ. ಸಣ್ಣ ಉದ್ದಿಮೆಗಳ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗಷ್ಟೇ ರಿಯಾಯಿತಿ.

ಕಡಲಿನ ಪಾಲಿಸಿಗೆ ಹಡಗಿನಿಂದ ಮಾಲು ಇಳಿದ ಮೇಲೆ ಸಾಮಾನ್ಯವಾಗಿ 60 ದಿನದ ಗಡುವಿದೆ. ಆ 60 ದಿನವೂ ಭದ್ರ ಎಂದು ವ್ಯಾಪಾರಿ ನಂಬುತ್ತಾನೆ. ಆದರೆ ಮಾಲು ಕೊನೆಯ ಗೋದಾಮು ಸೇರಿದರೆ, ಅಥವಾ ದರ ಏರಲಿ ಎಂದು ಅವನೇ ದಾರಿಯಲ್ಲಿ ಬಾಡಿಗೆ ಗೋದಾಮಿಗೆ ಹಾಕಿಸಿದರೆ, ಗಡುವು ಅಲ್ಲಿಗೇ ಮುಗಿಯುತ್ತದೆ. ಬೆಂಕಿ ಪಾಲಿಸಿಯಲ್ಲೋ ಆ ಗೋದಾಮಿನ ವಿಳಾಸವೇ ಇರುವುದಿಲ್ಲ. ಜೂನ್ ಮಳೆಗೆ ನೀರು ನುಗ್ಗಿದಾಗ ಎರಡೂ ಕಂಪನಿಗಳು ಕೈ ಎತ್ತುತ್ತವೆ; ಕಾಗದದ ಪ್ರಕಾರ ಇಬ್ಬರದೂ ಸರಿ.

ಬೆಂಕಿ ಪಾಲಿಸಿಯ ಮೊದಲ ಪುಟಕ್ಕೆ ಕಡಲಿನ ವಿಮೆ ಎಲ್ಲಿ ಮುಗಿಯುತ್ತದೆಂದು ಕನ್ನಡದಲ್ಲಿ ನಾಲ್ಕು ಸಾಲು ಸೇರಿಸುವುದು ಕಂಪನಿಗಳಿಗೆ ಭಾರವಲ್ಲ. ಅವು ಸೇರಿಸುವವರೆಗೆ, ಮಾಲು ಇಳಿಯುವ ಮುಂಚೆಯೇ ಗೋದಾಮಿನ ವಿಳಾಸ ಮತ್ತು ದಾಸ್ತಾನಿನ ಇಂದಿನ ಬೆಲೆಯನ್ನು ಪಾಲಿಸಿಯಲ್ಲಿ ಬರೆಸಿ, ಅದರ ಎಂಡಾರ್ಸ್‌ಮೆಂಟ್ (ತಿದ್ದುಪಡಿ ಪತ್ರ) ಕೈಗೆ ತೆಗೆದುಕೊಳ್ಳಿ.